ನೆಲದಿಂದ ನಾಲ್ಕು ಬೆರಳು

ಹೆಂಡತಿಯ ಮಣ್ಣಿಗೆಂದು ಇಸ್ತ್ರಿ ಹಾಕಿಸಿದ್ದ ಕಪ್ಪು ಪ್ಯಾಂಟಿನಲ್ಲೇ ವರ್ಲಿನ್ ರೀಥ್‌ಮನ್ ಗ್ಯಾರೇಜಿನ ನೆಲಕ್ಕೆ ರಟ್ಟು ಹಾಸಿಕೊಂಡು ಕಾರಿನ ಕೆಳಗೆ ತೂರುತ್ತಿದ್ದಾಗ ಮಗಳು ಮಾರ್ಲಾ ಅಡುಗೆಮನೆ ಕಡೆಯ ಬಾಗಿಲು ತೆರೆದಳು.

"ಅಪ್ಪಾ! ಇದೇನ್ ಮಾಡ್ತಿದ್ದೀಯ?"

"ಕೆಳಗಿಳಿಸ್ಬೇಕಲ್ಲ. ಮಂಗಳವಾರದಿಂದ ಹೀಗೇ ನಿಂತಿದೆ."

"ಚರ್ಚಿಗೆ ಹೊತ್ತಾಯ್ತು. ಒಪಲ್ ದೊಡ್ಡಮ್ಮ ಆಗ್ಲೇ ಹೋಗಿ ಕೂತಿದ್ದಾಳೆ."

"ನೀನು ಬಂದಿದ್ದು ಒಳ್ಳೇದಾಯ್ತು. ಆ ಕಡೆ ನಿಂತ್ಕೋ. ಇದನ್ನ ಇಳಿಸೋಕೆ ಇಬ್ರು ಬೇಕು."

ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಕೆಂಪು ಬಣ್ಣ, ಎರಡೇ ಸೀಟು, ಉದ್ದ ಮೂತಿ. ನೆಲದ ಮೇಲಿದ್ದಾಗ ಅದರ ಹೊಟ್ಟೆಗೂ ರಸ್ತೆಗೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗವಿಲ್ಲ. ಕೆಲ್ಡನ್ ಊರಿನಲ್ಲಿ ಆ ಕಾರನ್ನು ಅರಿಯದವರಿಲ್ಲ. ಅದನ್ನು ಕಂಡವರೆಲ್ಲ ವರ್ಲಿನ್‌ನನ್ನು ನೆನೆಯುತ್ತಿದ್ದರು, ಅವನ ಹೆಂಡತಿ ಲವಾನ್‌ಳನ್ನು ನೆನೆದವರು ಕಡಿಮೆ. ಅವಳು ಸತ್ತದ್ದು ಈ ಗ್ಯಾರೇಜಿನಲ್ಲೇ, ಕಾರಿನ ಪಕ್ಕದ ಮಡಚುವ ಕುರ್ಚಿಯಲ್ಲಿ ಕೂತು. ಗಂಡ ಕೆಳಗೆ ಮಲಗಿ ಎಂಜಿನ್ನಿನ ಎಣ್ಣೆ ಬದಲಿಸುತ್ತಿದ್ದ, ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿಗೆ ಗೊತ್ತಿದ್ದದ್ದು ಇಷ್ಟೇ.

"ನನ್ನ ಕಾರಲ್ಲಿ ಬಾ ಅಪ್ಪ. ಅಮ್ಮನ ಪೆಟ್ಟಿಗೆ ಹಿಂದೆ ನಾವಿಬ್ರೂ ಒಟ್ಟಿಗೆ ಹೋಗೋಣ. ಇವತ್ತೊಂದು ದಿನ ಇದು ಬೇಡ."

"ಬೇಡ ಅಂದ್ರೆ? ಕಾರ್ ಕ್ಲಬ್ಬಿನೋರೆಲ್ಲ ಬರ್ತಿದ್ದಾರೆ. ಎಲ್ಲಾ ಕಾರೂ ದೀಪ ಹಾಕ್ಕೊಂಡು ಸಾಲಾಗಿ ಬರುತ್ತೆ. ಲೊವೆಲ್ ಎಷ್ಟು ಓಡಾಡಿ ಏರ್ಪಾಟು ಮಾಡಿದ್ದಾನೆ ಗೊತ್ತಾ? ನಿಮ್ಮಮ್ಮನಿಗೋಸ್ಕರ ಕಣೇ. ನಾನೇ ಇಲ್ಲ ಅಂದ್ರೆ ಹೇಗಿರುತ್ತೆ?"

"ಅಮ್ಮನಿಗೋಸ್ಕರ! ಅಮ್ಮ ಒಂದು ದಿನ ಈ ಸ್ಟೀರಿಂಗ್ ಮುಟ್ಟಿದ್ಲಾ?"

"ಅವಳಿಗೆ ಇದರ ಕ್ಲಚ್ ಬರ್ತಿರ್ಲಿಲ್ಲ."

"ತಾತನ ಟ್ರ್ಯಾಕ್ಟರ್ ಓಡಿಸ್ಕೊಂಡು ಬೆಳೆದೋಳಿಗೆ ಕ್ಲಚ್ ಬರ್ತಿರ್ಲಿಲ್ವಾ?"

ಇಳಿಸುವ ಮುಂಚೆ ಒಮ್ಮೆ ಕೆಳಗೆ ನೋಡಿಬಿಡುತ್ತೇನೆ, ನಿನ್ನೆ ಸುರಿದ ಹೊಸ ಎಣ್ಣೆ ಬೋಲ್ಟಿನ ಹತ್ತಿರ ಎಲ್ಲಾದರೂ ಜಿನುಗುತ್ತಿದೆಯೋ ಏನೋ ಎಂದು ಗೊಣಗುತ್ತ ವರ್ಲಿನ್ ಟಾರ್ಚ್ ಹಿಡಿದು ಪೂರ್ತಿ ಒಳಗೆ ಸರಿದ.

* * *

ಅವನು ಮೊದಲಿನಿಂದ ಇಷ್ಟು ಜಾಗ್ರತೆಯವನಾಗಿರಲಿಲ್ಲ. ಕಾರು ಕೊಂಡ ಹೊಸದರಲ್ಲಿ ಪಕ್ಕದ ಬೀದಿಯ ಉರ್ಬನ್ ಎಂಬವನು ಜಲ್ಲಿಕಲ್ಲಿನ ಮೇಲೆ ಬರೀ ಜ್ಯಾಕ್ ಕೊಟ್ಟು ತನ್ನ ಕಾರಿನ ಕೆಳಗೆ ಹೋಗಿದ್ದ. ಜ್ಯಾಕ್ ಜಾರಿತು. ಹೆಣವನ್ನು ಎಳೆದು ಹೊರಗೆ ತೆಗೆದವರಲ್ಲಿ ವರ್ಲಿನ್ ಒಬ್ಬ. ಆ ರಾತ್ರಿ ಅವನು ಊಟ ಮಾಡಲಿಲ್ಲ. ಮರುದಿನ ಎದ್ದವನೇ ಕಾರು ಎತ್ತುವುದಕ್ಕೆ ನಿಯಮ ಹಾಕಿಕೊಂಡ. ಎಣ್ಣೆಯನ್ನು ಅಂಗಡಿಗೆ ಕೊಟ್ಟು ಬದಲಿಸಿಕೊಂಡು ಬಾ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. ನಮ್ಮೂರ ಗಂಡಸರಿಗೆ ಇದೊಂದು ಪ್ರತಿಷ್ಠೆ. ಸ್ವಂತ ಕಾರಿನ ಎಣ್ಣೆ ಸ್ವಂತ ಕೈಯಲ್ಲಿ ಇಳಿಸಲಾರದವನನ್ನು ಅವರು ಗಂಡಸರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಷ್ಟು ತಗ್ಗಿನ ಕಾರಿನ ಕೆಳಗೆ ಸಾಮಾನ್ಯ ಜ್ಯಾಕ್ ಹೋಗುವುದೇ ಇಲ್ಲ. ಅದಕ್ಕೆ ವರ್ಲಿನ್ ಮೊದಲು ಚಕ್ರಗಳ ಮುಂದೆ ಹಲಗೆಗಳನ್ನಿಟ್ಟು ಕಾರನ್ನು ಮೆಲ್ಲಗೆ ಅವುಗಳ ಮೇಲೆ ಹತ್ತಿಸುತ್ತಿದ್ದ. ಹಾಗೆ ಹೆಚ್ಚಿಗೆ ಸಿಕ್ಕ ಎರಡು ಬೆರಳು ಜಾಗದಿಂದ ಚಪ್ಪಟೆ ಜ್ಯಾಕ್ ಒಳಗೆ ಹೋಗುತ್ತಿತ್ತು. ಎಲ್ಲೆಂದರಲ್ಲಿ ಎತ್ತಿದರೆ ಆ ಕಾರಿನ ಮೈ ಸೀಳುತ್ತದೆ. ಎತ್ತಲಿಕ್ಕೆಂದೇ ಇರುವ ಜಾಗಗಳಿಗೆ ರಬ್ಬರಿನ ಬಿಲ್ಲೆ ಕೊಟ್ಟು ಒಂದೊಂದೇ ಮೂಲೆ ಎತ್ತಿ ಸ್ಟ್ಯಾಂಡ್ ಕೊಡುತ್ತಿದ್ದ. ಆಮೇಲೂ ಜ್ಯಾಕನ್ನು ತೆಗೆಯುತ್ತಿರಲಿಲ್ಲ. ಸಾಲದ್ದಕ್ಕೆ ಹಳೆಯ ಚಕ್ರಗಳನ್ನು ಎರಡೂ ಪಕ್ಕದಿಂದ ಒಳಗೆ ದೂಡಿಡುತ್ತಿದ್ದ, ಎಲ್ಲವೂ ಕೈಕೊಟ್ಟರೂ ಕಾರು ಅವುಗಳ ಮೇಲೆ ಕೂರಲಿ ಎಂದು.

ಇಷ್ಟೆಲ್ಲ ಆದ ಮೇಲೆ ಲವಾನ್‌ಳ ಸರದಿ. ಅವಳು ಕಾರಿನ ಮಗ್ಗುಲಿಗೆ ಎರಡೂ ಕೈ ಕೊಟ್ಟು ಮೈಯ ಬಲವನ್ನೆಲ್ಲ ಹಾಕಿ ತಳ್ಳಬೇಕು. ಅವನು ದೂರ ಬಗ್ಗಿ ಕುಳಿತು ಸ್ಟ್ಯಾಂಡಿನ ಕಾಲು ಅಲುಗುತ್ತದೆಯೇ ಎಂದು ನೋಡಬೇಕು.

"ಇನ್ನೂ ಜೋರಾಗಿ! ಬೀಳೋದಾದ್ರೆ ನಾನು ಒಳಗೆ ಹೋಗೋ ಮುಂಚೆ ಬೀಳ್ಲಿ."

"ಬೀಳೋದಾದ್ರೆ ನನ್ನ ಕಾಲ ಮೇಲೆ ಬೀಳುತ್ತಲ್ಲ ಮಾರಾಯ."

"ನಿನ್ನ ಕಡೆ ಬೀಳಲ್ಲ. ತಳ್ಳು."

ಅವನು ಒಳಗೆ ಹೋದ ಮೇಲೆ ಇನ್ನೊಂದು ನಿಯಮ. ಅವಳು ಗ್ಯಾರೇಜು ಬಿಟ್ಟು ಹೋಗುವಂತಿಲ್ಲ. ರೇಡಿಯೋ ಹಾಕುವಂತಿಲ್ಲ, ಜ್ಯಾಕ್ ಕಿರುಗುಟ್ಟಿದರೆ ಕೇಳಿಸಬೇಕಲ್ಲ. ಆಗಾಗ ಅವನು ಕೆಳಗಿನಿಂದ "ಇದ್ದೀಯಾ?" ಅನ್ನುತ್ತಾನೆ, ಇವಳು "ಇದ್ದೀನಿ" ಅನ್ನಬೇಕು. ವರ್ಷಕ್ಕೆರಡು ಸಲ ಹೀಗೆ, ಹಿಮ ಕರಗಿದ ಮೇಲೊಮ್ಮೆ, ಬೀಳುವ ಮುಂಚೆ ಒಮ್ಮೆ. ಮದುವೆಯಲ್ಲಿ ಪಾದ್ರಿ ಕೇಳಿದ್ದಕ್ಕಿಂತ ಹೆಚ್ಚು ಸಲ ಅವಳು ಆ ಗ್ಯಾರೇಜಿನಲ್ಲಿ ಮಾತು ಕೊಟ್ಟಿದ್ದಾಳೆ.

* * *

"ಇದ್ದೀಯಾ?"

ಕಾರಿನ ಕೆಳಗಿನಿಂದ ಬಂದ ದನಿಗೆ ಮಾರ್ಲಾ ಬೆಚ್ಚಿದಳು. ಅಪ್ಪ ಅಭ್ಯಾಸ ಬಲದಿಂದ ಕರೆದಿದ್ದ. ಅವಳು ನಿಂತಿದ್ದದ್ದು ಅಮ್ಮ ನಿಲ್ಲುತ್ತಿದ್ದ ಜಾಗದಲ್ಲೇ. ಉತ್ತರ ಕೊಡಲು ಮನಸ್ಸಾಗಲಿಲ್ಲ.

"ಮಾರ್ಲಾ? ಇದ್ದೀಯಾ?"

ಅವಳು ಹಲ್ಲು ಕಚ್ಚಿ ಸುಮ್ಮನೆ ನಿಂತಳು.

"ನೀನೂ ನಿಮ್ಮಮ್ಮನ ಥರ ಮಾಡ್ಬೇಡ!"

ಆ ಮಾತು ಬಾಯಿಂದ ಬಿದ್ದದ್ದೇ ಕಾರಿನ ಕೆಳಗಿನ ಟಾರ್ಚ್ ಬೆಳಕು ಅಲ್ಲಾಡುವುದು ನಿಂತಿತು.

"ಅಮ್ಮ ಏನ್ ಮಾಡಿದ್ಲು?" ಮಾರ್ಲಾ ಕೇಳಿದಳು.

"ಏನಿಲ್ಲ ಬಿಡು."

"ಅಪ್ಪ, ಅಮ್ಮ ಏನ್ ಮಾಡಿದ್ಲು?"

ಅವನು ಅಲ್ಲಿಂದಲೇ, ಮುಖ ತೋರಿಸದೆ, ಹೇಳತೊಡಗಿದ.

"ಬೆಳಿಗ್ಗೆನೇ ರಗಳೆ ತೆಗೆದಿದ್ಲು. ತೋಳು ನೋಯ್ತಿದೆ, ಇವತ್ತು ತಳ್ಳೋಕಾಗಲ್ಲ, ಲೊವೆಲ್‌ನ ಕರೀ ಅಂತ. ಲೊವೆಲ್ ಬಂದ್ರೆ ಮಧ್ಯಾಹ್ನದವರೆಗೂ ಬರೀ ಮಾತು. ಅರ್ಧ ಗಂಟೆ ಕೆಲಸ, ಬಾ ಅಂದೆ. ಬಂದ್ಲು. ತಳ್ಳಿದ್ಲು. ಒಂದು ಸಲ ಅಲ್ಲ, ಸರಿಯಾಗಿ ತಳ್ಳಿಲ್ಲ ಅಂತ ಇನ್ನೊಂದು ಸಲ ತಳ್ಳಿಸ್ದೆ."

"ಆಮೇಲೆ?"

"ಆಮೇಲೆ ಕುರ್ಚಿ ಎಳ್ಕೊಂಡು ಕೂತ್ಲು. ನಾನು ಒಳಗೆ ಬಂದೆ. ಬೋಲ್ಟ್ ಬಿಚ್ಚಿದೆ, ಎಣ್ಣೆ ಇಳಿಯೋಕೆ ಶುರುವಾಯ್ತು. ಇದ್ದೀಯಾ ಅಂದೆ. ಮಾತಿಲ್ಲ."

"ಎದ್ದು ನೋಡ್ಬೇಕಿತ್ತಲ್ಲ ಅಪ್ಪ!"

"ಇಲ್ಲಿಂದ್ಲೇ ಕಾಣ್ತಿತ್ತಲ್ಲೇ! ಅವಳ ಬಿಳಿ ಬೂಟು ಕಾಣ್ತಿತ್ತು. ಅಲ್ಲೇ ಇದ್ದಾಳೆ, ಬೇಕಂತ್ಲೇ ಬಾಯಿ ಬಿಡ್ತಿಲ್ಲ ಅಂದ್ಕೊಂಡೆ. ಇಷ್ಟು ವರ್ಷದಲ್ಲಿ ಒಂದು ಸಲನೂ ಹಾಗೆ ಮಾಡಿರ್ಲಿಲ್ಲ. ನನಗೂ ಸಿಟ್ಟು ಬಂತು. ಸುಮ್ನಿರ್ತೀಯ, ಇರು, ನಾನೂ ಸುಮ್ನಿರ್ತೀನಿ ಅಂತ..."

"ಅಂತ?"

"ಕೊನೇ ಹನಿ ಬೀಳೋವರೆಗೆ ಇಲ್ಲೇ ಮಲಗಿದ್ದೆ. ಹೊಸ ಫಿಲ್ಟರ್ ಹಾಕ್ದೆ. ಬೋಲ್ಟ್ ಬಿಗಿ ಮಾಡ್ದೆ. ಹೊರಗೆ ಬಂದು ಬೈಯೋಣ ಅಂತ ಮಾತೆಲ್ಲ ಜೋಡಿಸಿಟ್ಕೊಂಡಿದ್ದೆ."

ಅಷ್ಟು ಹೊತ್ತೂ ಅಮ್ಮ ಇಲ್ಲಿ ಕುಳಿತು ಸಾಯುತ್ತಿದ್ದಳು, ಅಥವಾ ಸತ್ತು ಕುಳಿತಿದ್ದಳು. ಕೈಗೆಟುಕುವ ದೂರದಲ್ಲಿ ಮಲಗಿದ್ದ ಮನುಷ್ಯ ಅವಳ ಬೂಟಿನ ಜತೆ ಜಗಳವಾಡುತ್ತಿದ್ದ. ಮಾರ್ಲಾಗೆ ತಡೆಯಲಾರದಷ್ಟು ಸಿಟ್ಟು ಬಂತು. ಕಾರಿನ ಮಗ್ಗುಲಿಗೆ ಎರಡೂ ಅಂಗೈ ಒತ್ತಿ, ಕಾಲೂರಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನೂಕಿದಳು. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ. ಅವಳಪ್ಪ ಅಷ್ಟು ಜಾಗ್ರತೆಯ ಮನುಷ್ಯ, ಮಗಳು ಕೊಲ್ಲುವಷ್ಟು ಸಿಟ್ಟಿನಿಂದ ತಳ್ಳಿದರೂ ಬೀಳದಂತೆ ನಿಲ್ಲಿಸಿದ್ದ.

"ಏನ್ ಮಾಡ್ತಿದ್ದೀಯೇ!" ಕೆಳಗಿನಿಂದ ಅವನು ಕೂಗಿದ.

"ಏನಿಲ್ಲ. ಹೊರಗೆ ಬಾ."

ಅವನು ತೆವಳಿಕೊಂಡು ಹೊರಗೆ ಬಂದು ನೆಲದ ಮೇಲೇ ಕುಳಿತ. ಕಣ್ಣು ಕೆಂಪಾಗಿದ್ದವು. ಮಾರ್ಲಾಗೆ ಒಂದು ಕ್ಷಣ ಅವನ ಪಕ್ಕ ಕೂರಬೇಕು ಅನ್ನಿಸಿತು, ಮರುಕ್ಷಣವೇ ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಕೋಪ ಬಂತು.

"ಯಾರಿಗೂ ಹೇಳ್ಬೇಡ," ಅಂದ ಅವನು. "ಒಪಲ್‌ಗಂತೂ ಹೇಳಲೇಬೇಡ."

"ಹೇಳಲ್ಲ. ಕಾರು ಇಳಿಸೋಕೂ ಬರ್ತೀನಿ. ಆದ್ರೆ ಸಮಾಧಿ ಹತ್ರ ನೀನು ನನ್ನ ಪಕ್ಕ ನಿಲ್ಬೇಕು. ಮೊದಲಿಂದ ಕೊನೆವರೆಗೆ, ನನ್ನ ಕೈ ಹಿಡ್ಕೊಂಡು. ಕ್ಲಬ್ಬಿನೋರ ಹತ್ರ ಅಲ್ಲ, ಕಾರಿನ ಹತ್ರ ಅಲ್ಲ. ಒಂದು ಸಲ ಅಮ್ಮನ ಹತ್ರ ನಿಲ್ಲು."

"ನಿಲ್ಲದೆ ಎಲ್ಲಿಗ್ ಹೋಗ್ಲಿ? ನನ್ನ ಹೆಂಡ್ತಿ ಅವಳು."

"ಮಾತು ಕೊಡು."

"ಕೊಟ್ಟೆ."

ಇಬ್ಬರೂ ಸೇರಿ ಕಾರು ಇಳಿಸಿದರು. ಅವನು ಜ್ಯಾಕಿನಿಂದ ಒಂದು ಮೂಲೆಯನ್ನು ತುಸು ಎತ್ತಿದಾಗ ಅವಳು ಸ್ಟ್ಯಾಂಡ್ ಎಳೆದಳು, ಮತ್ತೆ ಇನ್ನೊಂದು ಮೂಲೆ. ಕೈ ಒಳಗೆ ಹಾಕಬೇಡ, ಬೆರಳು ಜೋಪಾನ ಎಂದು ಅವನು ಪ್ರತಿ ಮೂಲೆಯಲ್ಲೂ ಹೇಳಿದ.

* * *

ಚರ್ಚಿನ ಮೊಗಸಾಲೆಯಲ್ಲಿ ಜನ ಸೇರಿದ್ದರು. ಮುಚ್ಚುವ ಮುಂಚೆ ಪೆಟ್ಟಿಗೆಯಲ್ಲಿದ್ದ ಲವಾನ್‌ಳ ಮುಖ ನೋಡಿ ಹೊರಗೆ ಬಂದ ಹೆಂಗಸರು ಅವಳ ಜತೆ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ಊರಿನ ಅರ್ಧಕ್ಕರ್ಧ ಜನ ಅವಳ ಕೈಯಿಂದ ತಟ್ಟೆ ಹಿಡಿದು ಉಂಡವರೇ.

"ಲಿಪ್‌ಸ್ಟಿಕ್ ಯಾರು ಹಚ್ಚಿದ್ದು ಅವಳಿಗೆ? ಗುರುತೇ ಸಿಗ್ಲಿಲ್ಲ," ಅಂದಳು ಒಬ್ಬಳು.

"ಬದುಕಿದ್ದಾಗ ಯಾರು ಗುರುತು ಹಿಡೀತಿದ್ರು ಬಿಡು. ತಲೆಗೆ ಬಲೆ ಹಾಕಿದ್ರೆ ನಾವೆಲ್ಲ ಒಂದೇ."

"ಅವಳ ನೂಡಲ್ಸು ಮಾತ್ರ ಯಾರಿಗೂ ಬರಲ್ಲ. ಎಷ್ಟು ಸಲ ಕೇಳ್ದೆ. ಕೈಯಳತೆ ಅಂತ ನಕ್ಕುಬಿಡ್ತಿದ್ಲು."

ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕ್ಲಬ್ಬಿನವರು. ಎಲ್ಲರ ಕೋಟಿನ ಎದೆಯ ಮೇಲೂ ಕ್ಲಬ್ಬಿನ ಪುಟ್ಟ ಬಿಲ್ಲೆ. ಅಧ್ಯಕ್ಷ ಲೊವೆಲ್, ದಪ್ಪ ಮೀಸೆಯ ದೊಡ್ಡ ಆಳು, ವರ್ಲಿನ್‌ನ ಭುಜ ಹಿಡಿದು ಕಣ್ಣೀರು ಹಾಕಿದ. ಅದು ನಿಜವಾದ ಕಣ್ಣೀರೇ, ಸುಳ್ಳು ಹೇಳಬಾರದು. ಆದರೆ ಅದು ಒಣಗುವ ಮುಂಚೆಯೇ ಮಾತು ಹೊರಳಿತು.

"ಹೊಸ ಎಣ್ಣೆ ಯಾವುದು ಹಾಕ್ದೆ? ತೆಳ್ಳಗಿಂದೋ?"

"ತೆಳ್ಳಗಿಂದೇ. ಹಳೇದು ಕಪ್ಪಾಗಿಬಿಟ್ಟಿತ್ತು."

"ಶಬ್ದ ಹೇಗಿದೆ?"

"ಬೆಣ್ಣೆ."

ಒಪಲ್ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಲವಾನ್‌ಳ ಅಕ್ಕ, ತೆಳ್ಳಗಿನ ಮುದುಕಿ, ಕೋಲಿಲ್ಲದೆ ನಡೆಯಲಾರಳು, ಆದರೆ ನಾಲಿಗೆಗೆ ಯಾವ ಕೋಲೂ ಬೇಕಿರಲಿಲ್ಲ. ತಂಗಿಯ ಗಂಡನ ಮಾತು ಕೇಳಿಸಿಕೊಂಡು ಅವಳು ಮೂಗು ಮುರಿದಳು.

"ಕೇಳಿದ್ಯಾ ಮಾರ್ಲಾ? ಬೆಣ್ಣೆಯಂತೆ. ನನ್ನ ತಂಗೀನ ಪೆಟ್ಟಿಗೆಲಿ ಮಲಗಿಸಿ ಬಂದು ಬೆಣ್ಣೆ ತಿಂತಿದ್ದಾನೆ."

"ಹೋಗ್ಲಿ ಬಿಡು ದೊಡ್ಡಮ್ಮ."

"ಬಿಟ್ಟೂ ಬಿಟ್ಟೂ ಹೀಗಾಗಿದ್ದು." ಆಮೇಲೆ ದನಿ ತಗ್ಗಿಸಿ ಅವಳು ಮಾರ್ಲಾಳ ಮಣಿಕಟ್ಟು ಹಿಡಿದಳು. "ಒಂದು ಕೇಳ್ತೀನಿ, ಹೇಳು. ಅವಳು ಕರೆದ್ಲಂತಾ? ನರಳಿದ್ಲಂತಾ? ನನಗೆ ರಾತ್ರಿಯೆಲ್ಲ ಅದೇ ಯೋಚನೆ. ಕರೆದಿದ್ದು ಇವನಿಗೆ ಕೇಳಿಸ್ಲಿಲ್ವೋ ಏನೋ ಅಂತ."

ಮಾರ್ಲಾ ಅಪ್ಪನ ಕಡೆ ನೋಡಿದಳು. ಅವನು ಲೊವೆಲ್‌ಗೆ ಕೈಯಾಡಿಸುತ್ತ ಏನೋ ವಿವರಿಸುತ್ತಿದ್ದವನು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದ.

"ಇಲ್ಲ ದೊಡ್ಡಮ್ಮ. ಒಂದೇ ಕ್ಷಣವಂತೆ. ಅಪ್ಪ ತಕ್ಷಣ ಹೊರಗೆ ಬಂದ."

"ದೇವರು ದೊಡ್ಡವನು," ಅಂದಳು ಒಪಲ್. ಅವಳ ಮುಖ ಸಡಿಲಾಯಿತು. ಚರ್ಚಿನ ಬಾಗಿಲಲ್ಲೇ ನಿಂತು ಮಾರ್ಲಾ ಅಪ್ಪನಿಗಾಗಿ ಹೇಳಿದ ಸುಳ್ಳು ಅದು.

* * *

ಅಮ್ಮ ಗ್ಯಾರೇಜಿನಲ್ಲಿ ಅಷ್ಟು ಹೊತ್ತು ಏನು ಮಾಡುತ್ತಿದ್ದಳು ಎಂದು ಮಾರ್ಲಾ ಒಮ್ಮೆ ಕೇಳಿದ್ದುಂಟು. ಆಗ ಲವಾನ್ ಅಡುಗೆಮನೆಯಲ್ಲಿ ನೂಡಲ್ಸಿಗೆ ಹಿಟ್ಟು ಲಟ್ಟಿಸುತ್ತಿದ್ದಳು.

"ಜಪಮಾಲೆ ಹೇಳ್ತೀನಿ," ಅಂದಿದ್ದಳು.

"ಇಡೀ ಜಪಮಾಲೆನಾ?"

"ಮತ್ತೆ? ನಮೋ ಮರಿಯ ಅಂತ ಶುರು ಮಾಡಿದ್ರೆ ಅರ್ಧಕ್ಕೇ ಇದ್ದೀಯಾ ಅಂತಾನೆ. ಇದ್ದೀನಿ ಅಂತ ಹೇಳಿ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಒಂದೊಂದ್ಸಲ ದೇವಮಾತೆನೇ ಇದ್ದೀಯಾ ಅಂತ ಕೇಳ್ದ ಹಾಗೆ ಆಗುತ್ತೆ."

ಹೇಳಿ ತಾನೇ ನಕ್ಕಿದ್ದಳು. ಮಾರ್ಲಾ ನಗಲಿಲ್ಲ.

"ನಿನಗೆ ಬೇಜಾರಾಗಲ್ವಾ ಅಮ್ಮ? ಒಂದು ದಿನ ಇಲ್ಲ, ಆಗಲ್ಲ ಅನ್ನು."

"ಹೆದರ್ತಾನೆ ಕಣೆ. ಉರ್ಬನ್ ಹೋದಾಗಿಂದ ಹೆದರ್ತಾನೆ. ಯಾರ ಹತ್ರನೂ ಹೇಳ್ಕೊಳ್ಳಲ್ಲ. ಕೆಳಗೆ ಹೋಗಿ ನನ್ನ ಕೇಳ್ತಾನೆ. ಇಡೀ ವರ್ಷದಲ್ಲಿ ನಾನು ಇದ್ದೀನೋ ಇಲ್ವೋ ಅಂತ ಅವನು ಕೇಳೋದು ಆ ಎರಡು ದಿನ. ಅದನ್ನೂ ಬೇಡ ಅನ್ಲಾ?"

ಆಮೇಲೆ ಹಿಟ್ಟಿನ ಕೈಯಲ್ಲೇ ಕಿಟಕಿಯಾಚೆ ತೋರಿಸಿದ್ದಳು. ವರ್ಲಿನ್ ಬಿಸಿಲಲ್ಲಿ ಕಾರಿಗೆ ಮೇಣ ತಿಕ್ಕುತ್ತಿದ್ದ. "ಒಂದು ಸಲ ಕೆರೆವರೆಗೆ ನಾನೇ ಓಡಿಸ್ತೀನಿ ಅಂದಿದ್ದೆ. ಬೆಳಿಗ್ಗೆ ಎದ್ದು ತಲೆ ಬಾಚ್ಕೊಂಡು, ಬುತ್ತಿ ಕಟ್ಕೊಂಡು ಕೂತಿದ್ದೆ. ಮಳೆ ಬರೋ ಹಾಗಿದೆ ಅಂದ. ಮೋಡನೇ ಇರ್ಲಿಲ್ಲ."

* * *

ಮೆರವಣಿಗೆ ವರ್ಲಿನ್ ಹೇಳಿದಂತೆಯೇ ಹೊರಟಿತು. ಮುಂದೆ ಶವದ ಗಾಡಿ, ಅದರ ಹಿಂದೆ ಒಪಲ್‌ಳನ್ನು ಕೂರಿಸಿಕೊಂಡು ಮಾರ್ಲಾ, ಆಮೇಲೆ ವರ್ಲಿನ್‌ನ ಕೆಂಪು ಕಾರು, ಅದರ ಬೆನ್ನಿಗೆ ಕ್ಲಬ್ಬಿನ ಕಾರುಗಳು, ಕೊನೆಗೆ ಉಳಿದ ಊರು. ಹೊಲಗಳಲ್ಲಿ ಇನ್ನೂ ನೀರು ನಿಂತಿತ್ತು. ರಸ್ತೆಬದಿಯ ಮನೆಗಳವರು ಹೊರಗೆ ಬಂದು ನಿಂತು ನೋಡಿದರು. ಯಾರು ಹೋದದ್ದು ಎಂದು ಕೇಳುವುದಕ್ಕಿಂತ ಮುಂಚೆ ಅವರು ಫೋನು ತೆಗೆದು ಕಾರುಗಳ ಚಿತ್ರ ಹಿಡಿದರು.

ಸ್ಮಶಾನದ ಕಲ್ಲಿನ ಬಾಗಿಲು ಹಳೆಯದು, ಇಕ್ಕಟ್ಟು. ಬಾಗಿಲ ಬಾಯಲ್ಲೇ ಮೋರಿಯ ಮೇಲೆ ರಸ್ತೆ ಉಬ್ಬಿ ದಿಬ್ಬವಾಗಿದೆ. ಶವದ ಗಾಡಿ ಒಮ್ಮೆ ತೂಗಿ ದಾಟಿತು, ಮಾರ್ಲಾಳ ಕಾರೂ ದಾಟಿತು. ತಗ್ಗಿನ ಕಾರನ್ನು ಇಂಥ ದಿಬ್ಬದ ಮೇಲೆ ಓರೆಯಾಗಿ ಹತ್ತಿಸಬೇಕು, ಒಂದೊಂದೇ ಚಕ್ರ. ವರ್ಲಿನ್‌ಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ಎರಡು ಕಂಬಗಳ ನಡುವೆ ಓರೆಯಾಗಲು ಜಾಗವೆಲ್ಲಿ? ಮೇಲಾಗಿ ಹೋದ ಶರತ್ಕಾಲದಲ್ಲಿ, ನೋಡಲು ಇನ್ನಷ್ಟು ಚೆಂದವಿರಲೆಂದು, ಅವನೇ ಸ್ಪ್ರಿಂಗ್ ಬದಲಿಸಿ ಕಾರನ್ನು ಇನ್ನೂ ಒಂದು ಬೆರಳು ತಗ್ಗಿಸಿದ್ದ. ನೇರ ಬಂದ ಕಾರಿನ ಮುಂದಿನ ಚಕ್ರಗಳು ದಾಟಿದವು. ಆಮೇಲೆ ಕರ್ರೆಂದು ಎಲ್ಲರ ಎದೆ ಧಸಕ್ಕೆನ್ನುವಂಥ ಸದ್ದು. ಕಾರು ಹೊಟ್ಟೆಯ ಮೇಲೆ ಕೂತುಬಿಟ್ಟಿತು.

ಹಿಂದಿನ ಕಾರುಗಳಿಗೆ ದಾರಿ ಇಲ್ಲ. ಅಡುಗೆಮನೆಯ ಹೆಂಗಸರು, ನೆರೆಯವರು ಎಲ್ಲ ತಮ್ಮ ತಮ್ಮ ಕಾರು ರಸ್ತೆಯಲ್ಲೇ ಬಿಟ್ಟು, ಚರ್ಚಿನ ಬೂಟುಗಳಲ್ಲಿ ಒದ್ದೆ ಹುಲ್ಲು ತುಳಿಯುತ್ತ ಸಮಾಧಿಯ ಹತ್ತಿರ ನಡೆದು ಬಂದರು. ಗುಣಿಯ ಸುತ್ತ ಕೆಸರಾಗಿತ್ತೆಂದು ಗುಣಿ ತೋಡುವ ಕ್ಲೆಟಸ್ ಜನರಿಗೆ ನಿಲ್ಲಲು ಪ್ಲೈವುಡ್ ಹಾಳೆಗಳನ್ನು ಹಾಸಿದ್ದ. ಪೆಟ್ಟಿಗೆ ಗುಣಿಯ ಮೇಲೆ ಪಟ್ಟಿಗಳ ಆಧಾರದಲ್ಲಿ ನಿಂತಿತು. ಮಾರ್ಲಾ ತನ್ನ ಎಡಗಡೆ ಒಬ್ಬರಿಗೆ ಜಾಗ ಬಿಟ್ಟು ನಿಂತಳು.

ವರ್ಲಿನ್ ಕಾರಿನಿಂದ ಇಳಿದಿದ್ದ. ಸ್ಮಶಾನದ ಬಾಗಿಲಿಂದ ಸಮಾಧಿಗೆ ಬಹಳ ದೂರವೇನಿಲ್ಲ, ಕೂಗಿದರೆ ಕೇಳುವಷ್ಟು. ಅವನು ತಲೆಯೆತ್ತಿ ಪೆಟ್ಟಿಗೆಯ ಕಡೆ ನೋಡಿದ. ಮಗಳ ಕಡೆ ನೋಡಿದ. ಮಾರ್ಲಾ ಕೈ ಮುಂದೆ ಚಾಚಿದಳು, ಬಾ ಎಂಬಂತೆ. ಅವನು ಎರಡು ಹೆಜ್ಜೆ ಇಟ್ಟ. ನಿಂತ. ಆಮೇಲೆ ಬೆನ್ನು ತಿರುಗಿಸಿ, ಕಾರಿನ ಪಕ್ಕ ಮೊಣಕಾಲೂರಿ, ಕೆನ್ನೆ ರಸ್ತೆಗೆ ತಾಗುವಷ್ಟು ಬಗ್ಗಿ ಕಾರಿನ ಹೊಟ್ಟೆ ನೋಡತೊಡಗಿದ. ಕ್ಲಬ್ಬಿನವರೂ ಒಬ್ಬೊಬ್ಬರಾಗಿ ಅವನ ಸುತ್ತ ಕಪ್ಪು ಕೋಟಿನಲ್ಲೇ ಬಗ್ಗಿದರು.

"ಸ್ವಲ್ಪ ಕಾಯೋಣವಾ?" ಪಾದ್ರಿ ಫಾದರ್ ನೀಮಾಯರ್ ಕೇಳಿದರು.

"ಕಾಯೋಣ ಫಾದರ್. ಬರ್ತಾನೆ. ಮಾತು ಕೊಟ್ಟಿದ್ದಾನೆ."

ಕಾದರು. ಗಾಳಿ ತಣ್ಣಗಿತ್ತು. ಒಪಲ್ ಕೋಲಿನ ಮೇಲೆ ನಡುಗುತ್ತಿದ್ದಳು. ಕೊನೆಗೆ ಬಂದವನು ಲೊವೆಲ್. ಬೂಟಿನ ಸದ್ದಾಗದಂತೆ ಕಳ್ಳಹೆಜ್ಜೆ ಇಡುತ್ತ ಬಂದು, ಟೋಪಿ ಕೈಯಲ್ಲಿ ತಿರುಗಿಸುತ್ತ, ಮೊದಲು ಕ್ಲೆಟಸ್‌ನ ಕಿವಿಯಲ್ಲಿ ಏನೋ ಅಂದ. ಕ್ಲೆಟಸ್ ತಲೆಯಾಡಿಸಿ ಮಾರ್ಲಾಳ ಕಡೆ ತೋರಿಸಿದ.

"ತಪ್ಪು ತಿಳೀಬೇಡ ಮಾರ್ಲಾ," ಲೊವೆಲ್ ಪಿಸುಗುಟ್ಟಿದ. "ಜ್ಯಾಕ್ ನನ್ನ ಹತ್ರ ಇದೆ. ಆದ್ರೆ ಎರಡೂ ಪಕ್ಕ ಕೆಸರು, ಜ್ಯಾಕ್ ಹೂತ್ಕೊಳುತ್ತೆ. ಅಡಿಗೆ ಏನಾದ್ರೂ ಗಟ್ಟಿಯಾಗಿ ಕೊಡ್ಬೇಕು. ಈ ಪ್ಲೈವುಡ್ಡು..."

"ನಾಚಿಕೆ ಇಲ್ವೇನೋ ನಿಮಗೆ!" ಒಪಲ್ ಕೋಲು ಎತ್ತಿದಳು. "ಹೆಣದ ಕಾಲಡಿಯಿಂದ ಕಿತ್ಕೊಂಡ್ ಹೋಗ್ತೀರಾ?"

ಮಾರ್ಲಾ ದೊಡ್ಡಮ್ಮನ ಕೋಲಿನ ಮೇಲೆ ಕೈಯಿಟ್ಟಳು. "ಅಪ್ಪ ಏನಂದ?"

"ಐದೇ ನಿಮಿಷ ಅಂದ. ಕಾರು ಅಲ್ಲಾಡಿಸಿದ್ರೆ ಎಣ್ಣೆ ತೊಟ್ಟಿ ಸೀಳುತ್ತೆ, ಹೊಸ ಎಣ್ಣೆ ಪೂರ್ತಿ ಹೋಗಿಬಿಡುತ್ತೆ ಅಂತ. ಅವನಿಗೂ ಬೇಜಾರೇ ಮಾರ್ಲಾ. ನೀವು ಶುರು ಮಾಡಿ, ಬಂದೆ ಅಂದ."

ಹೊಸ ಎಣ್ಣೆ. ಅಪ್ಪ ಹೆದರಿದ್ದಾನೆ, ಈ ಗುಣಿಯ ಹತ್ತಿರ ಬರಲು ಅವನಿಗೆ ಧೈರ್ಯವೇ ಇಲ್ಲ, ಅದು ಮಾರ್ಲಾಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾದದ್ದಕ್ಕೆ ಕ್ಷಮಿಸಬೇಕೆಂದೇನೂ ಇಲ್ಲ ಎಂಬುದೂ ಈಗ ಮೊದಲ ಸಲ ಅರ್ಥವಾಯಿತು. ಅಮ್ಮ ಜೀವಮಾನವಿಡೀ ಅರ್ಥಮಾಡಿಕೊಂಡೇ ಮುಗಿದಳು.

"ತಗೊಂಡ್ ಹೋಗಿ," ಅಂದಳು.

ಅವಳೇ ಮೊದಲು ಹಾಳೆಯಿಂದ ಕೆಸರಿಗೆ ಇಳಿದಳು. ಬೂಟು ಕಣಕಾಲಿನವರೆಗೆ ಹೂತಿತು. ಒಪಲ್ ಬೈಯುತ್ತಲೇ ಇಳಿದಳು, ಅಡುಗೆಮನೆಯ ಹೆಂಗಸರು ಒಬ್ಬರ ತೋಳು ಒಬ್ಬರು ಹಿಡಿದು ಇಳಿದರು. ಲೊವೆಲ್ ಮತ್ತು ಇನ್ನೊಬ್ಬ ತಲೆ ತಗ್ಗಿಸಿ, ಹಾಳೆಗಳನ್ನೆತ್ತಿ, ಸಮಾಧಿಕಲ್ಲುಗಳ ನಡುವೆ ಅಡ್ಡಡ್ಡ ಹೊತ್ತುಕೊಂಡು ಹೋದರು.

"ಶುರು ಮಾಡಿ ಫಾದರ್," ಅಂದಳು ಮಾರ್ಲಾ. "ಪ್ರಾರ್ಥನೆ ಆದ ತಕ್ಷಣ ಇಳಿಸಿಬಿಡಿ."

"ಈಗ್ಲೇನಮ್ಮಾ?" ಕ್ಲೆಟಸ್ ಗಾಬರಿಯಾದ. "ಎಲ್ರೂ ಹೋದ ಮೇಲೆ ಇಳಿಸೋದು ವಾಡಿಕೆ. ಮನೆಯೋರು ನೋಡೋಕಾಗಲ್ಲ ಅಂತಾರೆ."

"ನಾನು ನೋಡ್ತೀನಿ. ಯಾರಾದ್ರೂ ನೋಡ್ಬೇಕಲ್ಲ."

ಫಾದರ್ ಓದಿದರು, ನೀರು ಚಿಮುಕಿಸಿದರು. ಕ್ಲೆಟಸ್ ಹಿಡಿಕೆ ತಿರುವಿದ. ಪಟ್ಟಿಗಳು ಸಡಿಲಾಗಿ ಪೆಟ್ಟಿಗೆ ಗುಣಿಯೊಳಗೆ ಇಳಿಯತೊಡಗಿತು. ಆ ಹೊತ್ತಿಗೆ ಅತ್ತ ಬಾಗಿಲಲ್ಲಿ ಪ್ಲೈವುಡ್ಡಿನ ಮೇಲೆ ಜ್ಯಾಕ್ ನಿಂತಿತ್ತು. ಕೋಟು ಕಳಚಿದ ವರ್ಲಿನ್ ಹಿಡಿಕೆ ಒತ್ತುತ್ತಿದ್ದ, ಒತ್ತಿದಂತೆಲ್ಲ ಕೆಂಪು ಕಾರು ಒಂದೊಂದೇ ಬೆರಳು ಮೇಲೇರುತ್ತಿತ್ತು. ಮಾರ್ಲಾ ಒಂದು ಹಿಡಿ ಕೆಸರು ತೆಗೆದು ಪೆಟ್ಟಿಗೆಯ ಮೇಲೆ ಹಾಕಿದಳು. ಅದು ಮುಚ್ಚಳಕ್ಕೆ ಬಿದ್ದ ಸದ್ದಿನ ಜತೆಗೇ ಕಾರಿನ ಹೊಟ್ಟೆ ದಿಬ್ಬ ಬಿಟ್ಟು ಮೇಲೆದ್ದಿತು. ಕ್ಲಬ್ಬಿನವರಲ್ಲಿ ಯಾರೋ ಇಬ್ಬರು, ಎಲ್ಲಿದ್ದೇವೆಂಬುದನ್ನು ಮರೆತು, ಚಪ್ಪಾಳೆ ತಟ್ಟಿದರು.